ಆಯೇರಿ ಬಾಕಿ ವಸೂಲಿ ಪ್ರಕರಣ

ನಾನು ಗಣಿತದ ಟೀಚರ್. ಜಹೀರಾಬಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿ, ತೆಲುಗಿನಲ್ಲಿ ಬೈದು, ಸಂಜೆ ಮನೆಗೆ ಬಂದು ಕನ್ನಡದಲ್ಲಿ ದಣಿವಾರಿಸಿಕೊಳ್ಳುವವಳು. ಲಾಭ-ನಷ್ಟ, ಸರಳಬಡ್ಡಿ, ಚಕ್ರಬಡ್ಡಿ ಎಲ್ಲವೂ ನನಗೆ ನೀರು ಕುಡಿದಷ್ಟು ಸಲೀಸು. ಇಂಥವಳ ಮನೆಯಲ್ಲೇ ತಿಂಗಳ ಕೊನೆಗೆ ಹಣ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲವೆಂದರೆ ಅದು ಹಣದ ತಪ್ಪೇ ಹೊರತು ನನ್ನದಲ್ಲ ಎಂದು ದೃಢವಾಗಿ ನಂಬಿದ್ದೆ.

ಊರ ಹೊರಗಿನ ಪ್ಲಾಟಿನಲ್ಲಿ ಮನೆ ಕಟ್ಟಿಸಲು ಶುರುಮಾಡಿದ ಮೇಲೆ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಬ್ಯಾಂಕಿನ ಕಂತು ಒಂದು ಕಡೆ, ಸಿಮೆಂಟು ಇನ್ನೊಂದು ಕಡೆ. ನಮ್ಮ ಯಜಮಾನರದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಪ್ರಪಂಚದ ಯಾವ ಸಮಸ್ಯೆಯನ್ನೂ ಅವರು ಪೈಪಿನ ಸಮಸ್ಯೆಯಾಗಿಯೇ ನೋಡುವುದು.

"ಎಲ್ಲೋ ಲೀಕ್ ಅದ," ಎಂದರು ಒಂದು ದಿನ ಊಟ ಮಾಡುತ್ತ.

"ಮೀಟರ್ ಕೂಡಸ್ತೀನಿ ತಗೋರಿ," ಎಂದೆ ನಾನು. ಮನೆಯ ಹಣಕಾಸು ನಿರ್ವಹಣೆಗೆ ಯೋಗ್ಯವಾದ ತಂತ್ರಾಂಶವನ್ನು ಆಯ್ಕೆ ಮಾಡುವ ಸಂಪೂರ್ಣ ಜವಾಬ್ದಾರಿಯನ್ನು ನಾನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡದ್ದು ಹೀಗೆ. ಯಾರೂ ಒತ್ತಾಯ ಮಾಡಿರಲಿಲ್ಲ. ಅದನ್ನು ಇಲ್ಲಿಯೇ ಸ್ಪಷ್ಟಪಡಿಸಿಬಿಡುತ್ತೇನೆ.

ಮೊದಲು ಇಳಿಸಿಕೊಂಡದ್ದು ಎಲ್ಲರೂ ಹೊಗಳುತ್ತಿದ್ದ ಒಂದು ಇಂಗ್ಲಿಷ್ ಆ್ಯಪ್. ಅದರಲ್ಲಿ ಖರ್ಚಿನ ಶೀರ್ಷಿಕೆಗಳನ್ನು ಅವರೇ ಬರೆದಿಟ್ಟಿದ್ದರು. ಜಿಮ್ಮು, ವಿದೇಶ ಪ್ರವಾಸ, ಹೊರಗಿನ ಊಟ, ಸಾಕುಪ್ರಾಣಿ. ನಮ್ಮ ಮನೆಗೆ ಬರುವ ಅಯ್ಯನವರ ದಕ್ಷಿಣೆಗೆ ಜಾಗವಿಲ್ಲ. ಹಿಟ್ಟಿನ ಗಿರಣಿಗೆ ಇಲ್ಲ. ಅತ್ತೆಯ ಎಲೆ-ಅಡಿಕೆಗೆ ಮೊದಲೇ ಇಲ್ಲ. ಆದರೆ ಖಾನೆ ಖಾಲಿ ಬಿಡುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಯಜಮಾನರ ಚಹಾ, ಮಿರ್ಚಿ ಭಜಿ, ಪಾನ್ ಖರ್ಚನ್ನೆಲ್ಲ 'ಸಾಕುಪ್ರಾಣಿ' ಅಡಿಯಲ್ಲಿ ಹಾಕಿದೆ. ಅವರು ನೋಡಿಯೇಬಿಟ್ಟರು!

"ನಾ ಸಾಕಿದ ಪ್ರಾಣಿ ಏನು?"

"ದಿನಾ ಹೊಟ್ಟಿಗಿ ಹಾಕ್ತೀನಲ್ರಿ, ಮತ್ತೇನು?"

ಎರಡನೆಯ ಆ್ಯಪ್ ಬಲು ಜಾಣ. ಬ್ಯಾಂಕಿನಿಂದ ಬರುವ ಸಂದೇಶಗಳನ್ನು ತಾನೇ ಓದಿಕೊಂಡು ಲೆಕ್ಕ ಹಾಕುತ್ತಿತ್ತು. ಅಂಗಡಿಯ ಗಿರಾಕಿಗಳು ಕೊಡುವ ಹಣ ನನ್ನ ಖಾತೆಗೇ ಬೀಳುತ್ತದೆ. ಅದು ಯಜಮಾನರ ಕೈಯಿಂದ ವೈಂಡಿಂಗ್ ತಂತಿಗೆ, ಬೇರಿಂಗಿಗೆ ಹೋಗುವ ಹಣವೆಂದು ಆ್ಯಪ್‌ಗೆ ಹೇಗೆ ತಿಳಿಯಬೇಕು? ನೀವು ಶ್ರೀಮಂತರು ಎಂದಿತು. ಷೇರು ಕೊಳ್ಳಿ ಎಂದಿತು. ನಾನೂ ಒಂದು ದಿನ ಶ್ರೀಮಂತರಂತೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಮೋಸ ತರಿಸಿದೆ. ಮರುದಿನ ಕಬ್ಬಿಣದವನಿಗೆ ಹಣ ಕಳಿಸಿದ್ದೇ ತಡ, ಪಾಠದ ನಡುವೆ ನನ್ನ ಫೋನು ಕೊಂಯ್ ಎಂದು ಕಿರುಚಿ, ನಿಮ್ಮ ಖರ್ಚು ಅಪಾಯದ ಮಟ್ಟ ಮೀರಿದೆ ಎಂದು ತರಗತಿಗೆಲ್ಲ ಕೇಳುವಂತೆ ಸಾರಿತು. ಅದನ್ನೂ ತೆಗೆದುಹಾಕಿದೆ.

ಮೂರನೆಯದು ಸಿಕ್ಕಾಗ ವರ ಸಿಕ್ಕಂತಾಯಿತು. ಕನ್ನಡದಲ್ಲೇ ಇತ್ತು. ಶೀರ್ಷಿಕೆಗಳನ್ನು ನಾವೇ ಬರೆದುಕೊಳ್ಳಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅದರಲ್ಲಿ 'ಬರಬೇಕಾದ್ದು' ಎಂಬ ಒಂದು ಪುಟವಿತ್ತು. ಹೆಸರು, ಫೋನ್ ನಂಬರು, ಮೊತ್ತ, ಗಡುವು, ಟಿಪ್ಪಣಿ, ಎಲ್ಲಕ್ಕೂ ಅಚ್ಚುಕಟ್ಟಾದ ಖಾನೆಗಳು. ಆ ಪುಟ ನೋಡಿದ್ದೇ ನನ್ನ ಗಣಿತದ ತಲೆಯಲ್ಲಿ ಒಂದು ದಿವ್ಯವಾದ ವಿಚಾರ ಹೊಳೆಯಿತು. ಸರ್ವನಾಶ ಅಲ್ಲಿಂದ ಶುರು.

ನಮ್ಮ ಕಡೆ ಆಯೇರಿ ಅಂತ ಇದೆ. ಬೇರೆ ಕಡೆ ಮುಯ್ಯಿ ಅನ್ನುತ್ತಾರೆ. ಲಗ್ನವಿರಲಿ, ತೊಟ್ಟಿಲಿರಲಿ, ಬಸುರಿಯ ಕುಬಸವಿರಲಿ, ಹೋದವರು ಸೀರೆಯೋ ಖಣವೋ ಬೆಳ್ಳಿಯೋ ನಗದೋ ಕೊಟ್ಟು ಬರಬೇಕು. ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ತರುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ನಮ್ಮ ಸಂಬಂಧಿಕರು ನ್ಯಾಲ್ಕಲ್, ನಾರಾಯಣಖೇಡ, ತಾಂಡೂರು ಎಂದು ಮೂರು ದಿಕ್ಕಿಗೆ ಹರಡಿಕೊಂಡಿದ್ದಾರೆ. ಲಗ್ನದ ಸೀಸನ್ ಬಂತೆಂದರೆ ನನ್ನ ಸಂಬಳಕ್ಕೂ ಅದೇ ಮೂರು ದಿಕ್ಕು.

ಲೀಕ್ ಸಿಕ್ಕಿತು! ಆದರೆ ನನ್ನ ದಿವ್ಯವಾದ ವಿಚಾರ ಅಷ್ಟಕ್ಕೇ ನಿಲ್ಲಲಿಲ್ಲ. ಕೊಟ್ಟದ್ದು ತಿರುಗಿ ಬರುತ್ತದಲ್ಲ? ತಿರುಗಿ ಬರುವುದು ಖರ್ಚು ಹೇಗಾದೀತು? ಅದು 'ಬರಬೇಕಾದ್ದು'!

ಅತ್ತೆಯನ್ನು ಕೂರಿಸಿಕೊಂಡೆ. ಅತ್ತೆಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಯಾರ ಲಗ್ನಕ್ಕೆ ಯಾವ ಅಂಚಿನ ಸೀರೆ ಹೋಯಿತೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ.

"ನ್ಯಾಲ್ಕಲ್ ಶಾಂತವ್ವನ ಮಗಳ ಲಗ್ನಕ್ಕ ಹಸರ ಸೀರಿ, ಮಾವಿನಕಾಯಿ ಅಂಚು," ಎಂದರು ಅತ್ತೆ. "ನಮ್ಮ ಮಹಾದೇವಿ ಮಗಳ ತೊಟ್ಟಿಲಿಗಿ ಬೆಳ್ಳಿ ಗೆಜ್ಜಿ, ಅಕಿಗೊಂದು ಸೀರಿ, ಅಳಿಯಗ ಟಾವೆಲ್ಲು-ಟೊಪಗಿ. ಯಾಕವ್ವಾ, ಇದೆಲ್ಲ ಯಾಕ ಕೇಳಾಕತ್ತಿ?"

"ಬಜೆಟ್ ಮಾಡಾಕ್ರಿ ಅತ್ತಿ."

"ಅದ್ಯಾವ ಹಬ್ಬ?"

ವಿವರಿಸಲು ಪುರುಸೊತ್ತಿರಲಿಲ್ಲ. "ಹಸರ ಸೀರಿ ಎಷ್ಟಕ್ಕ ತಂದಿದ್ದಿವ್ರಿ?" ಎಂದೆ.

"ತಂದದ್ದು ಕಮ್ಮೀಗೇ. ಶಾಂತವ್ವನ ಮುಂದ ಅದರ ಮೂರುಪಟ್ಟು ಹೇಳೀನಿ. ನೀ ಮೂರುಪಟ್ಟೇ ಬರಿ."

ಆದರೆ ಗಣಿತದ ಟೀಚರ್ ಸುಳ್ಳು ಬರೆಯುವುದುಂಟೇ! ಅಂಗಡಿಯ ಅಸಲು ಬೆಲೆಯನ್ನೇ ಬರೆದೆ. ಟಿಪ್ಪಣಿಯ ಖಾನೆಯಲ್ಲಿ, ಮುಂದೆ ನೆನಪಿರಲೆಂದು, ಪ್ರಾಮಾಣಿಕ ವಿವರಗಳನ್ನೂ ತುಂಬಿದೆ. ಅತ್ತೆಯ ತಮ್ಮ ಗುರುಪಾದಪ್ಪ ಮಾವ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ವ್ಯಾಪಾರಿ. ಅವರ ಮಗನ ಲಗ್ನದ ಆಯೇರಿಗೆ ನಾನು ಬರೆದ ಟಿಪ್ಪಣಿ ಹೀಗಿತ್ತು: 'ನಮಗೆ ಬಂದ ಸೀರೆಯನ್ನೇ ಕೊಟ್ಟದ್ದು. ಬಣ್ಣ ಬಿಡುವ ಸಂಭವವಿದೆ.'

ಗಡುವಿನ ಖಾನೆ ತುಂಬದಿದ್ದರೆ ಆ್ಯಪ್ ಮುಂದೆ ಹೋಗಲು ಬಿಡಲಿಲ್ಲ. ಕೆಂಪು ಅಕ್ಷರದಲ್ಲಿ ಗದರಿಸಿತು. ಆಯೇರಿಗೆಲ್ಲಿಯ ಗಡುವು? ಯೋಚಿಸಿದೆ. ಮುಂದಿನ ವಾರವೇ ನಮ್ಮ ಗೃಹಪ್ರವೇಶ, ಎಲ್ಲರಿಗೂ ಹೇಳಿ ಬಂದಾಗಿದೆ, ಬಂದವರು ತರುವುದು ಅವತ್ತೇ. ಎಲ್ಲರಿಗೂ ಗೃಹಪ್ರವೇಶದ ದಿನವನ್ನೇ ಗಡುವಾಗಿ ಕೊಟ್ಟೆ. ಆಮೇಲೆ ಆ್ಯಪ್ ಏನೇನೋ ಕೇಳಿತು. ಫೋನಿನಲ್ಲಿರುವ ಹೆಸರುಗಳನ್ನು ನೋಡಲೇ? ಹೌದು. ಸಂದೇಶ ಕಳಿಸಲು ಅನುಮತಿಯೇ? ಹೌದು. ಗಡುವಿಗೆ ಮುನ್ನ ಬಾಕಿದಾರರಿಗೆ ತಿಳಿಸಲೇ? ಹೌದು, ಹೌದು, ಹೌದು! ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಿರೆಂದು ಮಕ್ಕಳಿಗೆ ದಿನಾ ಬಡಿದುಕೊಳ್ಳುವ ನಾನು, ಒಂದು ಸಲವೂ ಓದಲಿಲ್ಲ.

ಕೊನೆಗೆ ಮೊತ್ತ ಬಂತು. ವರ್ಷದ ಕಂತಿಗಿಂತ ಹೆಚ್ಚು!

"ನೋಡ್ರಿ," ಎಂದು ಯಜಮಾನರ ಮೂಗಿನ ಮುಂದೆ ಫೋನು ಹಿಡಿದೆ. "ಇಷ್ಟು ಮಂದಿ ಕಡಿಂದ ನಮಗ ಬರಬೇಕಾದ್ದದ. ನಾವು ಬಡವರಲ್ಲ."

ಅವರು ಫೋನನ್ನೂ ನನ್ನನ್ನೂ ನೋಡಿ, "ಮೋಟರ್ ಬಿಚ್ಚೂ ಮುಂದ ಕರೆಂಟ್ ತೆಗೀಬೇಕು, ಗೊತ್ತದಿಲ್ಲ?" ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗುವ ದಿನ ದೂರವೂ ಇರಲಿಲ್ಲ.

ಸೋಮವಾರ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ನನ್ನ ಫೋನು ಮೇಜಿನ ಮೇಲೆ ತಾನಾಗಿ ನಡೆದಾಡುತ್ತಿತ್ತು. ತೆಗೆದೆ. ನಾರಾಯಣಖೇಡದ ಮಹಾದೇವಿ, ನನ್ನ ನಾದಿನಿ. ಅವಳ ಗಂಡ ಅಲ್ಲಿ ಕಾಳಿನ ವ್ಯಾಪಾರಿ. ಮಹಾದೇವಿ ಯಾವಾಗಲೂ ಫೋನಿನಲ್ಲಿ ನಗುತ್ತಲೇ ಮಾತು ಶುರುಮಾಡುವವಳು. ಅವತ್ತು ನಗಲಿಲ್ಲ.

"ವೈನಿ, ನಿಮ್ಮ ಮೆಸೇಜ್ ಬಂತ್ರಿ."

"ಯಾವ ಮೆಸೇಜ್?"

"ಓದ್ಲೇನ್ರಿ? ಕೇಳ್ರಿ. 'ನಮಸ್ಕಾರ. ನಿಮ್ಮ ಹೆಸರಿನಲ್ಲಿ ಬಾಕಿ ಇದೆ. ವಿವರ: ಮಗಳ ತೊಟ್ಟಿಲಿನ ಬೆಳ್ಳಿ ಗೆಜ್ಜೆ, ಸೀರೆ, ಟವೆಲ್ಲು, ಟೋಪಿ. ಮೊತ್ತ ಕೆಳಗಿದೆ. ಗಡುವಿನೊಳಗೆ ಸಂದಾಯ ಮಾಡಿ, ಕಿರಿಕಿರಿ ತಪ್ಪಿಸಿ.' ಟೊಪಗೀದೂ ಹಿಸಾಬ್ ಹಿಡದೀರಲ್ರಿ ವೈನಿ! ಟೊಪಗಿ ನಮ್ಮ ಮನಿಯವ್ರ ತಲಿ ಮ್ಯಾಲ ಕೂಡಂಗೇ ಇಲ್ಲ."

"ಮಹಾದೇವಿ, ಅದು ನಾ ಕಳಸಿದ್ದಲ್ಲವ್ವಾ, ಆ್ಯಪ್..."

"ನಿಮ್ಮ ನಂಬರಿಂದೇ ಬಂದದ್ರಿ. ಕಿರಿಕಿರಿ ತಪ್ಪಸ್ತೀವಿ, ಫಿಕರ್ ಮಾಡಬ್ಯಾಡ್ರಿ." ಫೋನು ಇಟ್ಟಳು.

ಅಷ್ಟರಲ್ಲಿ ತಾಂಡೂರಿನಿಂದ ಗುರುಪಾದಪ್ಪ ಮಾವ. ಅವರ ದನಿ ಕಲ್ಲಿನ ಗಣಿಯಲ್ಲಿ ಕೂಗಿ ಕೂಗಿ ಬೆಳೆದದ್ದು. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಸಮಾಜ ವಿಜ್ಞಾನದ ಮೇಡಮ್ಮು ತಿರುಗಿ ನೋಡಿದರು.

"ಏನವ್ವಾ ಸೊಸಿ! ನಮ್ಮ ಹುಡುಗನ ಲಗ್ನಕ್ಕ ಕೊಟ್ಟ ಸೀರಿ ಬಣ್ಣ ಬಿಡ್ತದಂತಲ್ಲ? ಬಿಟ್ಟದ! ಅದರ ಕೂಡ ಹಾಕಿದ ನನ್ನ ಬಿಳಿ ಧೋತರಾ ಇವತ್ತಿಗೂ ಗುಲಾಬಿ ಅದ. ಆಗ ಹೇಳಬಾರದಿತ್ತೇನು?"

"ಮಾಮಾ, ತಪ್ಪಾಗ್ಯದ್ರಿ..."

"ಏನೂ ತಪ್ಪಾಗಿಲ್ಲ. ಹಿಸಾಬ್ ಅಂದ್ರ ಹಿಸಾಬ್. ನಿಮ್ಮ ಮನಿಗಿ ಕಳಸಿದ ಫರ್ಶಿಗಿ ನಾ ಸಂಬಂಧಿಕರಂತ ರೇಟ್ ಹಚ್ಚಿದ್ದೆ. ಈಗ ಮಂದಿ ರೇಟ್ ಹಚ್ಚಿ ಹೊಸ ಬಿಲ್ ಕಳಸ್ತೀನಿ."

ಕಳಿಸಿಯೂ ಬಿಟ್ಟರು. ಮೊತ್ತವನ್ನು ಎರಡು ಸಲ ಕೂಡಿ ನೋಡಿದೆ, ಸರಿಯಾಗಿಯೇ ಇತ್ತು.

ಈ ಹಂತದಲ್ಲಿ ಬುದ್ಧಿಯಿದ್ದವರು ಫೋನನ್ನು ಬದಿಗಿಟ್ಟು, ಬಸ್ಸು ಹತ್ತಿ, ಮನೆಮನೆಗೆ ಹೋಗಿ ತಪ್ಪಾಯಿತು ಎನ್ನುತ್ತಿದ್ದರು. ನಾನು ತಂತ್ರಾಂಶದಿಂದಾದ ದೋಷವನ್ನು ತಂತ್ರಾಂಶದಿಂದಲೇ ಸರಿಪಡಿಸಬೇಕೆಂದು ತೀರ್ಮಾನಿಸಿದೆ. ಬಾಕಿಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸುವ ಗುಂಡಿ ಒತ್ತಿದೆ. 'ಬಾಕಿ ಮನ್ನಾ ಮಾಡುವಿರಾ?' ಎಂದು ಕೇಳಿತು. ಈ ಸಲ ಎರಡು ಬಾರಿ ಓದಿದೆ. ಮನ್ನಾ ಎಂದರೆ ಒಳ್ಳೆಯದೇ ಅಲ್ಲವೇ! ಹೌದು ಎಂದೆ.

ನನ್ನ ತೆರೆಯ ಮೇಲೆ ಬಣ್ಣಬಣ್ಣದ ಕಾಗದದ ಚೂರುಗಳು ಉದುರಿ, 'ಅಭಿನಂದನೆಗಳು! ಇನ್ನು ಯಾರಿಂದಲೂ ನಿಮಗೆ ಏನೂ ಬರಬೇಕಾಗಿಲ್ಲ' ಎಂದು ಬಂತು. ನಿಟ್ಟುಸಿರು ಬಿಟ್ಟೆ. ಅದೇ ಹೊತ್ತಿಗೆ ನ್ಯಾಲ್ಕಲ್, ನಾರಾಯಣಖೇಡ, ತಾಂಡೂರುಗಳಲ್ಲಿ ಏಕಕಾಲಕ್ಕೆ ತಲುಪಿದ ಸಂದೇಶ ಹೀಗಿತ್ತು: 'ತಮ್ಮ ಆರ್ಥಿಕ ಪರಿಸ್ಥಿತಿಯನ್ನು ಸಹಾನುಭೂತಿಯಿಂದ ಪರಿಗಣಿಸಿ ತಮ್ಮ ಬಾಕಿಯನ್ನು ಮನ್ನಾ ಮಾಡಲಾಗಿದೆ.'

ಗುರುಪಾದಪ್ಪ ಮಾವ ಈ ಸಲ ನನಗೆ ಫೋನು ಮಾಡಲಿಲ್ಲ. ನೇರವಾಗಿ ತಮ್ಮ ಅಕ್ಕನಿಗೇ ಮಾಡಿದರು. ಸಂಜೆ ನಾನು ಮನೆ ಹೊಕ್ಕಾಗ ಅತ್ತೆ ಬಾಗಿಲಿಗೆ ಎದುರಾಗಿ ಕೂತಿದ್ದರು. ಪಕ್ಕದಲ್ಲಿ ಯಜಮಾನರು. ಇಬ್ಬರ ಮುಂದೆಯೂ ಚಹಾ ಆರಿ ಕೆನೆಗಟ್ಟಿತ್ತು.

"ನನ್ನ ತಮ್ಮನ ಪರಿಸ್ಥಿತಿ ನೋಡಿ ನಿನಗ ಮರುಕ ಬಂತೇನವ್ವಾ?" ಎಂದರು ಅತ್ತೆ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಎರಡು ಲಾರಿ ಇಟ್ಟಾನ ಅಂವ."

ಎಲ್ಲ ಹೇಳಿದೆ. ಆ್ಯಪ್, ಗಡುವು, ಹೌದು, ಹೌದು, ಹೌದು. ಅತ್ತೆ ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಮನಿ ಅಂದ್ರ ಫರ್ಶಿ, ಸಿಮಿಟ್ ಅಲ್ಲ. ಮಂದಿ ಬಂದು ಹೊಸಲಿ ದಾಟಿದ್ರ ಅದು ಮನಿ. ನನ್ನ ತಮ್ಮ ಬರಲಿಲ್ಲ, ನನ್ನ ಮಗಳು ಬರಲಿಲ್ಲ ಅಂದ್ರ ಆ ಮನಿಗಿ ನಾನೂ ಬರಂಗಿಲ್ಲ. ಇಲ್ಲೇ ಬಾಡಗಿ ಮನ್ಯಾಗ ಇರ್ತೀನಿ. ನೀವಿಬ್ರೂ ಹೋಗ್ರಿ. ನಿನ್ನ ಫೋನ್ ಕರಕೊಂಡು ಹೋಗು."

ನನಗೆ ನಿಜವಾಗಿಯೂ ಅಳು ಬಂತು. ಆ ಮನೆಗಾಗಿ ಇಷ್ಟು ವರ್ಷ ದುಡಿದದ್ದು, ಅತ್ತೆಯನ್ನು ಬಾಡಿಗೆ ಮನೆಯ ಕಟ್ಟೆಯಿಂದ ಎಬ್ಬಿಸಿ ಸ್ವಂತ ಮನೆಯ ಕಟ್ಟೆಯ ಮೇಲೆ ಕೂರಿಸಬೇಕೆಂದೇ. ಯಜಮಾನರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಅಂಗಡಿಗೆ ಹೋದರು.

ಅಂದಿನಿಂದ ಎಲ್ಲರಿಗೂ ಫೋನು ಮಾಡಿದೆ. ಒಬ್ಬರೂ ಬೈಯಲಿಲ್ಲ. ಎಲ್ಲರೂ ಅತಿ ಮರ್ಯಾದೆಯಿಂದ ಮಾತಾಡಿದರು. ಸಂಬಂಧಿಕರು ಬೈದರೆ ಬದುಕಬಹುದು. ಮರ್ಯಾದೆ ಕೊಡಲು ಶುರುಮಾಡಿದರೆಂದರೆ ಮುಗಿಯಿತು ಕಥೆ. "ಬರ್ತೀವ್ರಿ ಟೀಚರಮ್ಮ, ಗಡುವು ಅದಲ್ರಿ," ಎಂದರು ನ್ಯಾಲ್ಕಲ್ ಶಾಂತವ್ವ. ನನ್ನನ್ನು ಎಂದೂ ಹೆಸರು ಹಿಡಿದೇ ಕರೆಯುವವರು!

ಆದರೆ ಬಂದರು. ಗೃಹಪ್ರವೇಶದ ಬೆಳಿಗ್ಗೆ ಮೊದಲ ಜೀಪು ನ್ಯಾಲ್ಕಲ್‌ನಿಂದ ಬಂದು ನಿಂತಾಗ ನನಗೆ ಹೋದ ಜೀವ ಬಂದಂತಾಯಿತು. ಬಸ್ಸಿಳಿದು ಆಟೋದಲ್ಲಿ ಮಹಾದೇವಿ, ಅವಳ ಗಂಡ. ಕೊನೆಗೆ ತಮ್ಮ ಜೀಪಿನಲ್ಲಿ ತಾಂಡೂರಿನ ಮಾವ, ಬೆಳ್ಳಗಿನ ಹೊಸ ಧೋತರ ಉಟ್ಟು. ಒಬ್ಬರೂ ತಪ್ಪಲಿಲ್ಲ. ಅದನ್ನು ಕೇಳಿ ಅತ್ತೆಯೂ ಬಾಡಿಗೆ ಮನೆಯಿಂದ ಆಟೋ ಹತ್ತಿದರು. ನಾನು ಗೆದ್ದೆ ಎಂದುಕೊಂಡೆ. ಬೆಪ್ಪುತಕ್ಕಡಿ!

ಅಯ್ಯನವರ ಪೂಜೆ ಮುಗಿಯಿತು. ನಮ್ಮ ಕಡೆ ಆಯೇರಿಯನ್ನು ಮೈಕಿನಲ್ಲಿ ಸಾರುವ ರೂಢಿ. ಯಾರು, ಯಾವ ಊರು, ಏನು ತಂದರು, ಎಲ್ಲವೂ ಓಣಿಗೆಲ್ಲ ಕೇಳಬೇಕು. ಯಜಮಾನರ ಗೆಳೆಯರೊಬ್ಬರು ಮೈಕು ಹಿಡಿದಿದ್ದರು. ಗುರುಪಾದಪ್ಪ ಮಾವ ಹೋಗಿ ಅದನ್ನು ಮೆಲ್ಲಗೆ ಕಸಿದುಕೊಂಡರು. ಅವರಿಗೆ ಮೈಕಿನ ಅಗತ್ಯವೇ ಇರಲಿಲ್ಲ.

"ತಾಂಡೂರು ಗುರುಪಾದಪ್ಪ! ಸೀರಿ ಒಂದು! ಮೆಸೇಜಿನ್ಯಾಗ ಬಂದಷ್ಟೇ ಕಿಮ್ಮತ್ತಿಂದು, ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಲ್ಲ! ನೀರಾಗ ಹಾಕಿ ನೋಡೀನಿ, ಬಣ್ಣ ಬಿಡಂಗಿಲ್ಲ! ಬಾಕಿ ಚುಕ್ತಾ!"

ಮಂದಿ ಹೋ ಎಂದು ನಕ್ಕರು. ಮುಂದೆ ನ್ಯಾಲ್ಕಲ್ ಶಾಂತವ್ವ. "ಹಸರ ಸೀರಿ ನೀವು ಹೇಳಿದ ರೇಟಿಗಿ ತಂದಿಲ್ರಿ, ಮೆಸೇಜಿನ್ಯಾಗ ಬರದ ರೇಟಿಗಿ ತಂದೀನಿ. ಚುಕ್ತಾ! ರಸೀದಿ ಕೊಡ್ರಿ ಟೀಚರಮ್ಮ." ಅತ್ತೆ ತಲೆ ತಗ್ಗಿಸಿದರು. ಮೂರುಪಟ್ಟಿನ ಗುಟ್ಟು ಓಣಿಯ ಕೊನೆಯ ಮನೆಯವರೆಗೂ ತಲುಪಿತು. ಮಹಾದೇವಿ ಮೈಕು ಮುಟ್ಟಲಿಲ್ಲ. ಬೆಳ್ಳಿ, ಸೀರೆ, ಟವೆಲ್ಲು, ಟೋಪಿ ನಾಲ್ಕನ್ನೂ ತಟ್ಟೆಯಲ್ಲಿಟ್ಟು, ನನ್ನ ಕಡೆ ನೋಡದೆ, "ಬರೋಬರಿ ಅದ," ಎಂದಳು. ಟೋಪಿ ನಾವು ಕೊಟ್ಟದ್ದೇ ಇರಬೇಕು, ಮಡಿಕೆಯೂ ಬಿಚ್ಚಿರಲಿಲ್ಲ.

ಎಲ್ಲರೂ ನಗುತ್ತಿದ್ದರು. ಅತ್ತೆ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

"ತಿಳೀತೇನು ಏನಾತು ಅಂತ?"

"ಎಲ್ಲಾರೂ ಬಂದಾರಲ್ರಿ ಅತ್ತಿ."

"ಬರೋಬರಿ ಕೊಟ್ಟಾರವ್ವಾ! ಆಯೇರಿ ಯಾವಾಗೂ ಬರೋಬರಿ ಕೊಡಬಾರದು. ಒಂದು ಖಣ ಹೆಚ್ಚಿಗಿ ಕೊಡಬೇಕು, ಇಲ್ಲಾ ಒಂದು ಕಮ್ಮಿ ಕೊಡಬೇಕು. ಏನಾದ್ರೂ ಉಳದ್ರ ಮತ್ತ ಬರೋದು, ಹೋಗೋದು ಇರ್ತದ. ಬರೋಬರಿ ಕೊಟ್ರ ಇಲ್ಲಿಗಿ ತೀರ್ತು ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಮಗಳು ನನಗ ಬರೋಬರಿ ಕೊಟ್ಟು ಹೊಂಟಾಳ."

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎಲ್ಲ ಸಮೀಕರಣಗಳ ಎರಡೂ ಬದಿ ಸಮ ಆಗಬೇಕೆಂದು ಜೀವಮಾನವಿಡೀ ಕಲಿಸಿದವಳು ನಾನು. ಸಮವಾದದ್ದಕ್ಕೆ ಒಬ್ಬ ತಾಯಿ ಅಳುವುದನ್ನು ಮೊದಲ ಸಲ ನೋಡುತ್ತಿದ್ದೆ. ಯಜಮಾನರು ಹುಗ್ಗಿಯ ಬಕೆಟ್ ತೆಗೆದುಕೊಂಡು ಹೋಗಲು ಒಳಗೆ ಬಂದರು. ನನ್ನನ್ನು ನೋಡಿ ಬಕೆಟ್ ಕೆಳಗಿಟ್ಟರು.

"ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ಕೊಟ್ಟದ್ದೆಲ್ಲ ಬರದೀದಿ. ನಮಗ ಬಂದದ್ದು ಎಲ್ಲಿ ಬರದೀದಿ?"

ಬರೆದಿರಲಿಲ್ಲ! ಆ್ಯಪ್‌ನಲ್ಲಿ 'ಕೊಡಬೇಕಾದ್ದು' ಎಂಬ ಪುಟವೂ ಇತ್ತು. ಅದನ್ನು ನಾನು ತೆರೆದೇ ನೋಡಿರಲಿಲ್ಲ. ಒಲೆಯ ಮೇಲೆ ಕುದಿಯುತ್ತಿದ್ದ ತೊಗರಿಬೇಳೆ ಮಹಾದೇವಿಯ ಗಂಡ ಸುಗ್ಗಿಯಾದ ಮೇಲೆ ಪ್ರತಿ ವರ್ಷವೂ ಕಳಿಸುವ ಚೀಲದ್ದು. ನಾನು ಕೂತಿದ್ದ ಫರ್ಶಿ ಮಾವನದು. ಅತ್ತೆಗೆ ಆಪರೇಷನ್ ಆದಾಗ ತನ್ನ ಮನೆ ಬಿಟ್ಟು ಬಂದು ನಮ್ಮಲ್ಲೇ ಉಳಿದು ರೊಟ್ಟಿ ಬಡಿದವಳು ಮಹಾದೇವಿ, ನಾನು ಶಾಲೆಗೆ ರಜೆ ಹಾಕಬಾರದೆಂದು. ಇದಕ್ಕೆಲ್ಲ ರೇಟ್ ಹಚ್ಚಿದರೆ ನಾವು ಕುತ್ತಿಗೆಯವರೆಗೆ ಮುಳುಗಿದವರು. ಒಂದೇ ಬದಿ ಬರೆದು ಲೆಕ್ಕ ಸರಿಯೆಂದವನಿಗೆ ನಾನು ಏಳನೆಯ ತರಗತಿಯಲ್ಲೂ ಸೊನ್ನೆ ಕೊಡುತ್ತೇನೆ.

ಹೊರಗೆ ಜೀಪಿನವನು ಹಾರ್ನ್ ಹಾಕುತ್ತಿದ್ದ. ಅತ್ತೆ ಉಡಿ ತುಂಬುವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಕ್ಕಿ, ತೆಂಗಿನಕಾಯಿ, ಖಣ, ಎಲೆ-ಅಡಿಕೆ. ತವರಿನಿಂದ ಹೊರಟ ಮಗಳು ಸೆರಗೊಡ್ಡಿ ಉಡಿ ತುಂಬಿಸಿಕೊಂಡೇ ಹೋಗಬೇಕು. ಮಹಾದೇವಿ ಎದುರಿಗೆ ನಿಂತಿದ್ದಳು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು.

"ಬ್ಯಾಡವ್ವಾ. ಮತ್ತ ಇದಕ್ಕೊಂದು ಮೆಸೇಜ್ ಬರ್ತದ," ಎಂದಳು.

ನಾನು ಓಡಿಬಂದು ನಡುವೆ ನಿಂತೆ. ಎದ್ದು ಬರುವಾಗ ಬಕೆಟ್ಟಿಗೆ ತಗುಲಿ ಕೈಯೆಲ್ಲ ಹುಗ್ಗಿ.

"ಮಹಾದೇವಿ, ನಾ ಹಿಸಾಬ್ ತಪ್ಪು ಮಾಡೀನವ್ವಾ. ನಿಂದೇನೂ ಬಾಕಿ ಇಲ್ಲ. ನಮ್ದೇ ಅದ. ಬ್ಯಾಳಿ ಚೀಲ ಒಂದೂ ಬರದಿಲ್ಲ ನಾನು. ಅತ್ತಿ ಆಪರೇಷನ್ನಾಗ ನೀ ಬಡದ ರೊಟ್ಟಿ ಒಂದೂ ಬರದಿಲ್ಲ. ಮಾಮಾ, ನಿಮ್ಮ ಫರ್ಶಿ ಮ್ಯಾಲೇ ಕುಂತು ನಿಮಗೇ ಮೆಸೇಜ್ ಕಳಸೀನ್ರಿ. ಇದೆಲ್ಲ ನಾ ಕೊಡಬೇಕಾದ್ದು. ನನ್ನ ಕಡಿಂದ ತೀರಂಗಿಲ್ಲ. ತೀರಸೋದೂ ಇಲ್ಲ."

ದಿನವೂ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ ಇಷ್ಟು ಹೇಳುವುದರೊಳಗೆ ಉಸಿರು ಸಿಕ್ಕಿಕೊಂಡಿತು. ಮಹಾದೇವಿ ನನ್ನ ಮುಖವನ್ನೇ ನೋಡಿದಳು. ಹುಗ್ಗಿ ಮೆತ್ತಿದ ಕೈಯನ್ನು ನೋಡಿದಳು.

"ರೊಟ್ಟಿದೂ ಹಿಸಾಬ್ ಹಿಡೀತೀರೇನ್ರಿ?"

"ಹಿಡೀತೀನವ್ವಾ. ಮನ್ನಾ ಮಾಡಬ್ಯಾಡ."

ಅವಳು ನಕ್ಕೇಬಿಟ್ಟಳು. ಸೊಂಟದಿಂದ ಸೆರಗು ಎಳೆದು ತಾಯಿಯ ಮುಂದೆ ಒಡ್ಡಿದಳು. "ಹಾಕವ್ವಾ, ಜರಾ ಹೆಚ್ಚಿಗಿ ಹಾಕು. ವೈನಿ ಬರ್ಕೋತಾರ." ಅತ್ತೆ ತಟ್ಟೆಯಲ್ಲಿದ್ದುದನ್ನೆಲ್ಲ ಸುರಿದು, ಸಾಲದೆಂದು ಒಳಗೆ ಹೋಗಿ, ನಾನು ಗೃಹಪ್ರ‌ವೇಶದ ಸಂಜೆಗೆಂದು ತೆಗೆದಿಟ್ಟಿದ್ದ ಹೊಸ ರೇಷ್ಮೆ ಸೀರೆಯನ್ನೂ ತಂದು ಅವಳ ಉಡಿಗೆ ಹಾಕಿದರು. ಮಾವ ಜೀಪಿನಿಂದ ಕತ್ತು ಹೊರಹಾಕಿ, "ಸೊಸಿ, ಹೊಸ ಬಿಲ್ ಹರದು ಒಗಿ! ಹಳೇದು ಇಟ್ಕೋ, ಆದ್ರ ಪೂರಾ ಕೊಡಬ್ಯಾಡ!" ಎಂದು ಕೂಗಿದರು. ಆ ದನಿಗೆ ಓಣಿಯ ನಾಯಿಗಳೂ ಎದ್ದು ಹೊರಟವು.

ಆ್ಯಪ್ ಅನ್ನು ಅಂದೇ ತೆಗೆದುಹಾಕಿದೆ. ಹಣ ಈಗಲೂ ತಿಂಗಳ ಕೊನೆಗೆ ಎಲ್ಲಿಗೋ ಹೋಗುತ್ತದೆ. ಲೀಕ್ ಎಲ್ಲಿದೆಯೆಂದು ಗೊತ್ತಿದ್ದೂ ಯಜಮಾನರು ಬಂದ್ ಮಾಡು ಅನ್ನುವುದಿಲ್ಲ. ಅತ್ತೆ ಹೊಸ ಮನೆಯ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಕರೆದು ಚಹಾ ಕುಡಿಸಿ, ಬಾಕಿ ಬೆಳೆಸುತ್ತಿದ್ದಾರೆ.

ಅತ್ತ ನಾರಾಯಣಖೇಡದಲ್ಲಿ ಮಹಾದೇವಿ ಅದೇ ಆ್ಯಪ್ ಇಳಿಸಿಕೊಂಡಿದ್ದಾಳೆ! ನಾನು ತರಗತಿಯಲ್ಲಿ ಬಡ್ಡಿಯ ಸೂತ್ರ ಬರೆಯುತ್ತಿರುವಾಗಲೇ ಫೋನು ಕೊಂಯ್ ಎನ್ನುತ್ತದೆ: 'ನಮಸ್ಕಾರ. ನಿಮ್ಮ ಹೆಸರಿನಲ್ಲಿ ಬಾಕಿ ಇದೆ. ವಿವರ: ರೊಟ್ಟಿ.' ನಾನು ಸೀಮೆಸುಣ್ಣ ಕೆಳಗಿಟ್ಟು ಉತ್ತರ ಕಳಿಸುತ್ತೇನೆ: 'ಮುಂದಿನ ತಿಂಗಳು ನೋಡೋಣವ್ವಾ.' ತಲೆತಪ್ಪಿಸಿಕೊಳ್ಳುವ ಸಾಲಗಾರರ ಮಾತು ನನ್ನ ಬಾಯಲ್ಲಿ ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಗಣಿತದ ಟೀಚರಂತೆ, ಗಣಿತದ ಟೀಚರ್!